ಗಡಿನಾಡಿನ ಕನ್ನಡ ಬರಹ ಹುಡುಕಿದವರಿಗೆ ಸಿಗಬೇಕಾದರೆ: ಮೊದಲ ಬ್ಲಾಗ್ ಕಟ್ಟುವವರಿಗೆ

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಪೈವಳಿಕೆ, ಬಾಯಾರು, ಪೆರ್ಲ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತೆಗೆಯುವ ಸುರಂಗಗಳಿವೆ. ಅವುಗಳ ಬಗ್ಗೆ ಕನ್ನಡದಲ್ಲಿ ಬರೆಯಬಲ್ಲವರು ಊರೂರಲ್ಲಿದ್ದಾರೆ, ಬರೆದದ್ದೂ ಇದೆ. ಆದರೆ ಅದು ಇರುವುದೆಲ್ಲಿ? ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯಲ್ಲಿ, ಶಾಲೆಯ ಅಮೃತಮಹೋತ್ಸವದ ಪುಸ್ತಕದಲ್ಲಿ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ. ಸಂಚಿಕೆಯ ಬರಹ ಹಳೆಯ ಫಾಂಟಿನಲ್ಲಿ ಟೈಪಾಗಿ ಪ್ರೆಸ್ಸಿಗೆ ಹೋಯಿತು. ವಾಟ್ಸಾಪಿನದ್ದು ಮರುದಿನದ ಶುಭೋದಯಗಳ ಅಡಿಯಲ್ಲಿ ಹೂತುಹೋಯಿತು. ಇನ್ನು ಕೆಲವು ಬರಹಗಳು ಫೋಟೋ ರೂಪದಲ್ಲಿ ಫೋನಿನಿಂದ ಫೋನಿಗೆ ಓಡಾಡುತ್ತಿವೆ. ಹತ್ತು ವರ್ಷ ಬಿಟ್ಟು ಒಬ್ಬ ವಿದ್ಯಾರ್ಥಿನಿ ‘ಸುರಂಗ ನೀರು ಕಾಸರಗೋಡು’ ಎಂದು ಹುಡುಕಿದರೆ ಇವುಗಳಲ್ಲಿ ಒಂದೂ ಅವಳ ಕಣ್ಣಿಗೆ ಬೀಳುವುದಿಲ್ಲ.

ಸ್ವಂತ ಬ್ಲಾಗ್ ಕಟ್ಟುವುದು ಇದಕ್ಕಾಗಿಯೇ. ಅದಕ್ಕೆ ಒಂದು ಸಂಜೆ ಸಾಕು, ಹಣ ಬೇಡ. ಆದರೆ ಹೊಸಬರು ಆ ಸಂಜೆಯ ಮುಕ್ಕಾಲು ಪಾಲನ್ನು ಥೀಮ್ ಆರಿಸುವುದರಲ್ಲಿ, ಮೇಲೆ ಯಾವ ಫೋಟೋ ಹಾಕುವುದೆಂಬುದರಲ್ಲಿ ಕಳೆಯುತ್ತಾರೆ. ಥೀಮನ್ನು ನಾಳೆಯೂ ಬದಲಾಯಿಸಬಹುದು, ಐದು ವರ್ಷದ ನಂತರವೂ ಬದಲಾಯಿಸಬಹುದು. ಅಕ್ಷರ ಯಾವ ಸಂಕೇತದಲ್ಲಿದೆ, ಪುಟದ ವಿಳಾಸ ಏನು, ಖಾತೆಯ ಬೀಗದಕೈ ಯಾರ ಬಳಿ ಇದೆ ಎಂಬ ಸಂಗತಿಗಳು ಹಾಗಲ್ಲ. ಅವನ್ನು ಮೊದಲ ದಿನ ತಪ್ಪಿದರೆ ಆಮೇಲೆ ನೂರು ಬರಹಗಳನ್ನು ಒಂದೊಂದಾಗಿ ತಿದ್ದಬೇಕಾಗುತ್ತದೆ.

ಅಕ್ಷರ

‘ನುಡಿ’, ‘ಬರಹ’, ‘ಶ್ರೀಲಿಪಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ತಲೆಯ ಮೇಲೆ ಗೀರು, ಚುಕ್ಕೆ ಬಿದ್ದ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಹುಡುಕುವ ಯಂತ್ರಕ್ಕೆ ಕಾಣುವುದು ಯಾವಾಗಲೂ ಆ ಗೋಜಲೇ. ಯುನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತ ಪದ್ಧತಿಯಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೆ ಅಲ್ಲಿ ತನ್ನದೇ ಸಂಖ್ಯೆ ಇದೆ. ಬ್ಲಾಗಿಗೆ ಹಾಕುವುದೆಲ್ಲ ಯುನಿಕೋಡಿನಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡ.

ನಿಮ್ಮ ಹಳೆಯ ಫೈಲ್ ಯಾವುದರಲ್ಲಿದೆ ಎಂದು ತಿಳಿಯುವುದು ಸುಲಭ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಗೋಜಲಾದರೆ ಹಳೆಯ ಸಂಕೇತ. ಹಳೆಯದನ್ನು ಪರಿವರ್ತಿಸಲು ಆಸ್ಕಿ (ಈ ಹಳೆಯ ಸಂಕೇತದ ರೂಢಿಯ ಹೆಸರು)–ಯುನಿಕೋಡ್ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಡೀ ಪುಸ್ತಕವನ್ನು ಒಮ್ಮೆಗೇ ಹಾಕಬೇಡಿ, ಒಂದೆರಡು ಪುಟದಂತೆ ಹಾಕಿ, ಮೂಲವನ್ನು ಪಕ್ಕದಲ್ಲಿಟ್ಟು ಓದಿ. ತಪ್ಪು ಬೀಳುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಒತ್ತು, ದೀರ್ಘ ಎರಡೂ ಇರುವ ಕಡೆ ಪರಿವರ್ತಕ ಅವನ್ನು ತಪ್ಪು ಅಕ್ಷರದ ಮೇಲೆ ಕೂರಿಸಿಬಿಡುವುದುಂಟು. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡವೆಂದೇ ಎಣಿಸಿ ಅರ್ಥವಿಲ್ಲದ ಅಕ್ಷರಗಳಾಗಿ ಮಾಡುತ್ತದೆ. ಹಾಗಾಗಿ ಇಂಗ್ಲಿಷ್ ಪದಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ‘ಕೇ’, ‘ಕೋ’ಗಳ ದೀರ್ಘ ಹಲವು ಬಾರಿ ಬೇರೆಯಾಗಿ ಉಳಿಯುತ್ತದೆ.

ಕಣ್ಣಿಗೆ ಕಾಣದ ಒಂದು ತಪ್ಪಿದೆ. ಅನುಸ್ವಾರದ ‘ಂ’ ಮತ್ತು ಕನ್ನಡದ ಸೊನ್ನೆ ‘೦’ ನೋಡಲು ಒಂದೇ, ಸಂಕೇತ ಬೇರೆ. ಹಳಬರು ಟೈಪ್ ಮಾಡುವಾಗ ಒಂದರ ಬದಲು ಇನ್ನೊಂದನ್ನು ಒತ್ತಿದ್ದು ಎಷ್ಟೋ ಫೈಲುಗಳಲ್ಲಿದೆ. ‘ಸುರ೦ಗ’ ಎಂದು ಸೊನ್ನೆ ಹಾಕಿದ ಪದ ‘ಸುರಂಗ’ ಎಂದು ಹುಡುಕಿದವರಿಗೆ ಸಿಗುವ ಭರವಸೆ ಇಲ್ಲ, ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವೂ ಅಲ್ಲಿ ಎಡವುತ್ತದೆ. ಹಾಗೆಂದು ಎಲ್ಲ ಸೊನ್ನೆಗಳನ್ನೂ ಒಮ್ಮೆಗೇ ಅನುಸ್ವಾರ ಮಾಡಲು ಹೋಗಬೇಡಿ, ಕನ್ನಡ ಅಂಕಿಯಲ್ಲಿ ಬರೆದ ‘೧೯೫೦’ರಂಥ ಇಸವಿಗಳು ಕೆಡುತ್ತವೆ. ‘ಹುಡುಕಿ ಬದಲಾಯಿಸು’ ತೆರೆದು ಒಂದೊಂದನ್ನೇ ನೋಡಿ ಬದಲಿಸಿ. ವಿಸರ್ಗದ ಜಾಗದಲ್ಲಿ ಇಂಗ್ಲಿಷಿನ ವಿವರಣ ಚಿಹ್ನೆ ಬಿದ್ದಿರುವುದೂ ಇದೇ ಜಾತಿಯ ತಪ್ಪು.

ಫೈಲೇ ಇಲ್ಲ, ಮುದ್ರಿತ ಸಂಚಿಕೆ ಮಾತ್ರ ಇದೆ ಎನ್ನುವವರು ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವಿಗೆ ಏರಿಸಿ, ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಫೈಲ್ 2 ಎಂಬಿಯೊಳಗೆ ಇರಲಿ. ಎರಡು ಕಾಲಂ ಇರುವ ಪುಟವಾದರೆ ಕಾಲಂಗಳನ್ನು ಬೇರೆಬೇರೆ ಕತ್ತರಿಸಿ ಏರಿಸಿ, ಇಲ್ಲದಿದ್ದರೆ ಸಾಲುಗಳು ಅಡ್ಡಡ್ಡ ಬೆಸೆದುಕೊಳ್ಳುತ್ತವೆ. ‘ಮ’ ಮತ್ತು ‘ವು’, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಅದಲುಬದಲಾಗುವುದು ಸಾಮಾನ್ಯ. ಊರಿನ ಹೆಸರು, ಮನೆತನದ ಹೆಸರುಗಳನ್ನು ಮಾತ್ರ ಯಂತ್ರದ ಮೇಲೆ ಬಿಡಬೇಡಿ, ಕೈಯಾರೆ ಟೈಪ್ ಮಾಡಿ.

ಹೊಸದಾಗಿ ಟೈಪ್ ಮಾಡುವವರಿಗೆ ಫೋನಿನಲ್ಲಿ ಜಿಬೋರ್ಡ್ ಸಾಕು. ನಮ್ಮ ಕಡೆ ಅಂಗಡಿಯವರೇ ಫೋನ್ ಸಿದ್ಧಮಾಡಿ ಕೊಟ್ಟರೆ ಕೀಬೋರ್ಡಿನಲ್ಲಿ ಮಲಯಾಳವೇ ಇರುವುದು ಹೆಚ್ಚು. ಸೆಟ್ಟಿಂಗ್ಸಿನ ಲ್ಯಾಂಗ್ವೇಜಸ್ ಒಳಗೆ ಹೋಗಿ ಕನ್ನಡ ಸೇರಿಸಿ. ಅಲ್ಲಿ ಇಂಗ್ಲಿಷಿನಲ್ಲಿ ಒತ್ತಿದರೆ ಕನ್ನಡ ಬರುವ ವಿಧಾನ, ನೇರ ಕನ್ನಡ ಕೀಲಿಮಣೆ, ಕೈಬರಹ ಎಲ್ಲ ಇವೆ. ಶಿಷ್ಟ ಕನ್ನಡಕ್ಕೆ ಮೊದಲನೆಯದು ವೇಗ. ಆದರೆ ಅದು ಪದಕೋಶ ನೋಡಿ ಊಹಿಸುವ ಯಂತ್ರ. ಹವ್ಯಕ, ತುಳು, ಕುಂಬಳೆ ಸೀಮೆಯ ಮಾತುಗಳನ್ನು ಒತ್ತಿದರೆ ಅದು ತನಗೆ ಗೊತ್ತಿರುವ ಬೆಂಗಳೂರಿನ ಪದಕ್ಕೆ ತಿರುಗಿಸುತ್ತದೆ. ‘ಹೇಳ್ತವು’ ಎಂದು ಬರೆಯಲು ಹೋಗಿ ‘ಹೇಳುತ್ತವೆ’ ಬಂದರೆ ಬರಹದ ಜೀವವೇ ಹೋಯಿತು. ಆಡುಮಾತಿಗೆ ನೇರ ಕೀಲಿಮಣೆಯನ್ನೇ ರೂಢಿ ಮಾಡಿಕೊಳ್ಳಿ.

ವಿಂಡೋಸಿನಲ್ಲಿ ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿದರೆ ಭಾರತೀಯ ಭಾಷೆಗಳಿಗೆಂದು ಮಾಡಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬರುತ್ತದೆ, 2019ರ ಆವೃತ್ತಿಯಿಂದೀಚೆಗೆ ‘ಕನ್ನಡ ಫೊನೆಟಿಕ್’ ಎಂಬುದೂ ಇದೆ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ. ಕೈಟ್ (ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಕೊಟ್ಟ ಶಾಲಾ ಲ್ಯಾಪ್‌ಟಾಪ್ ಬಳಸುವ ಅಧ್ಯಾಪಕರು ಹೊಸದೇನನ್ನೂ ಖರೀದಿಸಬೇಕಿಲ್ಲ. ಅದು ಉಬುಂಟು ಆಧಾರಿತ. ಅದರಲ್ಲಿ ಕೀಲಿಮಣೆ ಆರಿಸುವ ಐಬಸ್ ಎಂಬ ತಂತ್ರಾಂಶದ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕೆಜಿಪಿ’ ಎಂದಿರುವುದು ನುಡಿಯ ಕೀಲಿವಿನ್ಯಾಸವೇ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸದಲ್ಲಿ ಎಫ್ ಕೀಲಿ ಅರ್ಧಾಕ್ಷರಕ್ಕೆ. ಅದೊಂದು ಕೈಗೆ ಹತ್ತಿದರೆ ಒತ್ತಕ್ಷರಗಳೆಲ್ಲ ಹತ್ತಿದಂತೆ.

ಮಲಯಾಳದ ಹೆಸರುಗಳನ್ನು ಬರೆಯುವಾಗ ಒಂದು ಅಡಚಣೆ ಬರುತ್ತದೆ. ‘ಕಾಞಂಗಾಡ್’ಗೆ ‘ನಲ್ಲಿ’ ಸೇರಿಸಿದ ಕೂಡಲೇ ಅದು ‘ಕಾಞಂಗಾಡ್ನಲ್ಲಿ’ ಎಂದು ಒತ್ತಾಗಿಬಿಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ವಿಭಜಕ ಚಿಹ್ನೆ ಹಾಕಬೇಕು. ವಿಂಡೋಸಿನ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್ ಹಿಡಿದು 2 ಒತ್ತಿದರೆ ಅದು ಬೀಳುತ್ತದೆ, ‘ಕಾಞಂಗಾಡ್‌ನಲ್ಲಿ’ ಎಂದು ಸರಿಯಾಗಿ ಕಾಣುತ್ತದೆ. ಸ್ಪೇಸ್ ಹಾಕಿ ಬಿಡಿಸುವುದು ಸುಲಭವೆನಿಸಬಹುದು, ಆದರೆ ಸಾಲಿನ ಕೊನೆಯಲ್ಲಿ ಪದ ಎರಡು ತುಂಡಾಗುತ್ತದೆ.

ತುಳುವಿನಲ್ಲಿ ಬರೆಯುವವರಿಗೆ ಒಂದು ಮಾತು. ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16.0 ಆವೃತ್ತಿಯಲ್ಲಿ ಸೇರಿತು. ಸಂತೋಷದ ಸಂಗತಿ, ಆದರೆ ಓದುಗರ ಫೋನಿನಲ್ಲಿ ಅದರ ಫಾಂಟ್ ಇಲ್ಲದಿದ್ದರೆ ಕಾಣುವುದು ಬರೀ ಚೌಕಗಳು. ಸದ್ಯಕ್ಕೆ ಕನ್ನಡ ಲಿಪಿಯಲ್ಲೇ ತುಳು ಬರೆಯಿರಿ, ತುಳು ಲಿಪಿಯ ಸಾಲು ಬೇಕೆನಿಸಿದರೆ ಜೊತೆಗೆ ಚಿತ್ರವಾಗಿ ಹಾಕಿ.

ಎಲ್ಲಿ ಕಟ್ಟುವುದು, ವಿಳಾಸ ಏನಿಡುವುದು

ಉಚಿತ ದಾರಿ ಮುಖ್ಯವಾಗಿ ಎರಡು: ಗೂಗಲ್‌ನ ಬ್ಲಾಗರ್, ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್. ಹೋಸ್ಟಿಂಗ್, ಅಂದರೆ ಸರ್ವರಿನಲ್ಲಿ ಬಾಡಿಗೆಯ ಜಾಗ, ಖರೀದಿಸಿ ಸ್ವಂತ ವರ್ಡ್‌ಪ್ರೆಸ್ ಹಾಕುವುದು ಮೂರನೆಯದು. ಅದರಲ್ಲಿ ಸ್ವಾತಂತ್ರ್ಯ ಹೆಚ್ಚು. ಆದರೆ ವರ್ಷವರ್ಷ ಬಾಡಿಗೆ ಕಟ್ಟಬೇಕು, ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡುತ್ತಿರಬೇಕು, ಒಂದು ವರ್ಷ ಮರೆತರೆ ಬರಹವೆಲ್ಲ ಮಾಯ. ವರ್ಡ್‌ಪ್ರೆಸ್ ಡಾಟ್ ಕಾಮಿನ ಉಚಿತ ಖಾತೆಯಲ್ಲಿ ನಿಮ್ಮ ಬರಹದ ನಡುವೆ ಅವರ ಜಾಹೀರಾತು ಬರುತ್ತದೆ. ಮೊದಲ ಬ್ಲಾಗಿಗೆ ನನ್ನ ಮತ ಬ್ಲಾಗರಿಗೆ. ನೋಟಕ್ಕೆ ಹಳತು, ಸೌಲಭ್ಯ ಕಡಿಮೆ, ಆದರೆ ಬಾಡಿಗೆ ಕಟ್ಟದಿದ್ದರೂ, ಖಾತೆ ಚಾಲ್ತಿಯಲ್ಲಿರುವವರೆಗೆ ಬರಹ ನಿಂತಿರುತ್ತದೆ.

ಗೂಗಲ್ ಖಾತೆಯಲ್ಲಿ ಬ್ಲಾಗರ್ ತೆರೆದರೆ ಶೀರ್ಷಿಕೆ, ವಿಳಾಸ, ನಿಮ್ಮ ಹೆಸರು ಕೇಳುತ್ತದೆ. ಶೀರ್ಷಿಕೆ ಕನ್ನಡದಲ್ಲಿರಲಿ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿರಲಿ, ಫೋನಿನಲ್ಲಿ ಬಾಯಲ್ಲಿ ಹೇಳಿದರೆ ಇನ್ನೊಬ್ಬರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಅಡ್ಡಗೆರೆ, ಅಂಕಿ ಬೇಡ. ಊರಿನ ಹೆಸರನ್ನೇ ವಿಳಾಸದಲ್ಲಿ ಇಡುವವರು ಗಮನಿಸಬೇಕು: ಕಾಸರಗೋಡನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಲ್ಲಿ ಬರೆಯುತ್ತಾರೆ, ಸಕಾರದ ನಂತರ ‘ಎ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಮಂಜೇಶ್ವರಕ್ಕೆ ಮಲಯಾಳದ ‘ಂ’ ಸೇರಿದ ರೂಪವಿದೆ. ಕುಂಬಳೆ ಒಂದು ಕಡೆ ಕುಂಬ್ಳ, ಇನ್ನೊಂದು ಕಡೆ ಕುಂಬಳ. ವಿಳಾಸವನ್ನು ಆಮೇಲೆ ಬದಲಾಯಿಸಲು ಬ್ಲಾಗರ್ ಬಿಡುತ್ತದೆ. ಆದರೆ ಅಷ್ಟರವರೆಗೆ ಹಂಚಿಕೊಂಡ ಲಿಂಕುಗಳೆಲ್ಲ ಸಾಯುತ್ತವೆ.

ಒಳಗೆ ಹೋದ ಕೂಡಲೇ ಸೆಟ್ಟಿಂಗ್ಸ್ ತೆರೆಯಿರಿ. ಬ್ಲಾಗ್ ಲ್ಯಾಂಗ್ವೇಜ್ ಕನ್ನಡ ಮಾಡಿ. ಅದರಿಂದ ಪುಟ ಕನ್ನಡದ್ದೆಂದು ಬ್ರೌಸರಿಗೂ ಹುಡುಕುವ ಯಂತ್ರಕ್ಕೂ ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಕ್ಕೂ ತಿಳಿಯುತ್ತದೆ. ಟೈಮ್ ಝೋನ್ ಮೊದಲಿಗೆ ಅಮೆರಿಕದ ಪಶ್ಚಿಮ ಕರಾವಳಿಯದ್ದಿರುತ್ತದೆ. ಅದನ್ನು ಕೋಲ್ಕತ್ತಾ, 5:30ಕ್ಕೆ ಬದಲಿಸಿ. ಇಲ್ಲದಿದ್ದರೆ ವಿಷುವಿನ ಬೆಳಗ್ಗೆ ಹಾಕಿದ ಬರಹಕ್ಕೆ ಹಿಂದಿನ ದಿನದ ತಾರೀಕು ಬೀಳುತ್ತದೆ. ಎಚ್‌ಟಿಟಿಪಿಎಸ್ ರಿಡೈರೆಕ್ಟ್ ಚಾಲೂ ಇರಲಿ. ಮೆಟಾ ಟ್ಯಾಗ್ಸ್ ಅಡಿಯಲ್ಲಿ ಸರ್ಚ್ ಡಿಸ್ಕ್ರಿಪ್ಷನ್ ಚಾಲೂ ಮಾಡಿ. ಇದನ್ನು ಮಾಡದಿದ್ದರೆ ಪ್ರತಿ ಬರಹಕ್ಕೂ ವಿವರಣೆ ಬರೆಯುವ ಪೆಟ್ಟಿಗೆಯೇ ಕಾಣಿಸುವುದಿಲ್ಲ. ಅದರ ಕೆಳಗಿರುವ ರೋಬಾಟ್ಸ್ ಸೆಟ್ಟಿಂಗುಗಳನ್ನು ಮಾತ್ರ ಮುಟ್ಟಬೇಡಿ. ಯಾರೋ ಯೂಟ್ಯೂಬಿನಲ್ಲಿ ಹೇಳಿದರೆಂದು ಅಲ್ಲಿ ಏನಾದರೂ ಅಂಟಿಸಿ, ಇಡೀ ಬ್ಲಾಗನ್ನೇ ಗೂಗಲಿನಿಂದ ಮುಚ್ಚಿಕೊಳ್ಳುವುದು ಬಹಳ ಸುಲಭ.

ಈಗ ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಬರುವ ತೊಂದರೆ. ಬ್ಲಾಗರ್ ಪ್ರತಿ ಬರಹದ ವಿಳಾಸವನ್ನು ಶೀರ್ಷಿಕೆಯಿಂದ ತಾನೇ ಮಾಡುತ್ತದೆ. ಶೀರ್ಷಿಕೆ ಇಂಗ್ಲಿಷಿನಲ್ಲಿದ್ದರೆ ಸರಿ. ಕನ್ನಡದಲ್ಲಿದ್ದರೆ ಅದಕ್ಕೆ ಏನೂ ತೋಚದೆ ‘ಬ್ಲಾಗ್-ಪೋಸ್ಟ್’ ಎಂದೂ, ಎರಡನೆಯ ಬರಹಕ್ಕೆ ಅದರ ಮುಂದೆ ಒಂದು ಸಂಖ್ಯೆ ಸೇರಿಸಿಯೂ ಇಡುತ್ತದೆ. ಐವತ್ತು ಬರಹ ಆದಾಗ ಯಾವ ಲಿಂಕ್ ಯಾವುದರದ್ದೆಂದು ನಿಮಗೇ ತಿಳಿಯದು. ಬರಹ ಪ್ರಕಟಿಸುವ ಮೊದಲೇ ಬಲಬದಿಯ ಪಟ್ಟಿಯಲ್ಲಿ ಪರ್ಮಾಲಿಂಕ್ ತೆರೆದು, ಕಸ್ಟಮ್ ಆರಿಸಿ, ‘ಸುರಂಗ-ಪೈವಳಿಕೆ’ ಎಂಬಂತೆ ಎರಡು ಮೂರು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಗೆರೆ ಹಾಕಿ ಬರೆಯಿರಿ. ಅಲ್ಲಿ ಕನ್ನಡ ಅಕ್ಷರ ಹಿಡಿಸುವುದಿಲ್ಲ. ಪ್ರಕಟಿಸಿದ ಮೇಲೆ ನೆನಪಾದರೆ ಬರಹವನ್ನು ಮತ್ತೆ ಡ್ರಾಫ್ಟಿಗೆ ತಂದು ವಿಳಾಸ ಬದಲಿಸಿ, ಸೆಟ್ಟಿಂಗ್ಸಿನ ಕಸ್ಟಮ್ ರಿಡೈರೆಕ್ಟ್‌ನಲ್ಲಿ ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸಿ.

ವರ್ಡ್‌ಪ್ರೆಸ್ಸಿನಲ್ಲಿ ತೊಂದರೆಯ ರೂಪ ಬೇರೆ. ಅದು ಕನ್ನಡ ವಿಳಾಸವನ್ನು ಒಪ್ಪುತ್ತದೆ, ಆದರೆ ಒಳಗೆ ಸಂಕೇತವಾಗಿ ಬದಲಿಸಿ ಇಟ್ಟುಕೊಳ್ಳುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಪ್ರತಿ ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಅಂದರೆ ಒಂದಕ್ಕೆ ಒಂಬತ್ತು. ‘ಕಾಸರಗೋಡು’ ಎಂಬಲ್ಲಿ ಸ್ವರಚಿಹ್ನೆಗಳೂ ಸೇರಿ ಎಂಟು ಸಂಕೇತ, ವಿಳಾಸದಲ್ಲಿ ಅದು 72 ಅಕ್ಷರ. ವರ್ಡ್‌ಪ್ರೆಸ್ ವಿಳಾಸಕ್ಕೆ ಕೊಡುವ ಜಾಗ 200 ಅಕ್ಷರ. 22 ಸಂಕೇತ ದಾಟಿದ ಕೂಡಲೇ ಶೀರ್ಷಿಕೆ ನಡುಪದದಲ್ಲಿ ತುಂಡಾಗುತ್ತದೆ. ವಾಟ್ಸಾಪಿನಲ್ಲಿ ಅಂಟಿಸಿದರೆ ನಾಲ್ಕು ಸಾಲಿನ ಶೇಕಡಾ ಚಿಹ್ನೆಗಳ ಸರಮಾಲೆ. ಅಲ್ಲಿಯೂ ಸ್ಲಗ್ ಎಂಬ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಕೊಡುವುದೇ ವಾಸಿ.

ಸ್ವಂತ ಡೊಮೈನ್, ಅಂದರೆ ದುಡ್ಡು ಕೊಟ್ಟು ಪಡೆಯುವ ಸ್ವಂತ ಹೆಸರಿನ ವಿಳಾಸ, ಈಗಲೇ ಬೇಕೇ? ಬೇಡ. ಇಪ್ಪತ್ತು ಬರಹ ಆಗಲಿ. ಬೇಕೆನಿಸಿದಾಗ ಮೊದಲ ವರ್ಷದ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ, ಎರಡಕ್ಕೂ ಬಹಳ ಅಂತರವಿರುತ್ತದೆ. ಬ್ಲಾಗರಿಗೆ ಜೋಡಿಸುವಾಗ, ಡೊಮೈನ್ ಮಾರಿದವರ ಡಿಎನ್‌ಎಸ್ ಪುಟದಲ್ಲಿ (ಆ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಬರೆಯುವ ಜಾಗ) ಸಿ-ನೇಮ್ ಎಂಬ ಬಗೆಯ ಎರಡು ದಾಖಲೆ ಹಾಕಬೇಕು. ಒಂದು, ಡಬ್ಲ್ಯು ಡಬ್ಲ್ಯು ಡಬ್ಲ್ಯು ಎಂಬುದರಿಂದ ಜಿಎಚ್‌ಎಸ್ ಡಾಟ್ ಗೂಗಲ್ ಡಾಟ್ ಕಾಮ್‌ಗೆ. ಇನ್ನೊಂದು ನಿಮ್ಮ ಬ್ಲಾಗಿಗಷ್ಟೇ ಕೊಡುವ ಗುಪ್ತ ಜೋಡಿ. ಈ ಎರಡನೆಯದು ಬಿಟ್ಟುಹೋದರೆ ‘ಈ ಡೊಮೈನ್ ನಿಮ್ಮದೆಂದು ಖಾತರಿಯಾಗಿಲ್ಲ’ ಎಂಬ ದೂರು ಬರುತ್ತದೆ. ಡಬ್ಲ್ಯುಗಳಿಲ್ಲದ ವಿಳಾಸವೂ ತೆರೆಯಬೇಕಾದರೆ ನಾಲ್ಕು ಎ-ದಾಖಲೆ: 216.239.32.21, 216.239.34.21, 216.239.36.21, 216.239.38.21. ಡೊಮೈನ್ ಮಾರಿದವರು ಮೊದಲೇ ಹಾಕಿಟ್ಟ ‘ಪಾರ್ಕಿಂಗ್’ ಎ-ದಾಖಲೆಯನ್ನು ಅಳಿಸದೆ ಇವನ್ನು ಸೇರಿಸಿದರೆ ಒಮ್ಮೆ ನಿಮ್ಮ ಬ್ಲಾಗ್, ಒಮ್ಮೆ ಅವರ ಜಾಹೀರಾತು ತೆರೆಯುತ್ತದೆ. ಎಲ್ಲ ಕಡೆ ಹರಡಲು ಒಂದೆರಡು ದಿನ ಹಿಡಿದರೆ ಗಾಬರಿಯಾಗಬೇಡಿ.

ನೋಟ, ಚಿತ್ರ

ಥೀಮ್ ಯಾವುದಾದರೂ ಆಗಲಿ, ಅದು ಇಂಗ್ಲಿಷಿಗಾಗಿ ಮಾಡಿದ್ದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ಸಾಲಿನ ಎತ್ತರ 1.4 ಇದ್ದರೆ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಥೀಮಿನ ಕಸ್ಟಮೈಸ್‌ಗೆ ಹೋಗಿ, ಅಡ್ವಾನ್ಸ್ಡ್ ಒಳಗಿನ ಸಿಎಸ್‌ಎಸ್ (ಪುಟದ ನೋಟದ ನಿಯಮ ಬರೆಯುವ) ಪೆಟ್ಟಿಗೆಯಲ್ಲಿ ಬರಹದ ಭಾಗಕ್ಕೆ ಅಕ್ಷರಗಾತ್ರ 18 ಪಿಕ್ಸೆಲ್, ಸಾಲಿನ ಎತ್ತರ 1.8 ಕೊಡಿ. ಅಕ್ಷರಗಳ ನಡುವೆ ಅಂತರ ಕೊಡುವ ನಿಯಮ ಥೀಮಿನಲ್ಲಿದ್ದರೆ ಸೊನ್ನೆ ಮಾಡಿ. ಓರೆ ಅಕ್ಷರ ಕನ್ನಡಕ್ಕೆ ಹೊಂದುವುದಿಲ್ಲ, ಒತ್ತು ಬೇಕಾದಲ್ಲಿ ದಪ್ಪ ಅಕ್ಷರ ಸಾಕು. ಎರಡೂ ಅಂಚು ಸಮ ಮಾಡುವುದೂ ಬೇಡ: ನಮ್ಮ ಪದಗಳು ಉದ್ದ, ಫೋನಿನ ತೆರೆ ಸಣ್ಣದು, ಸಾಲಿನ ನಡುವೆ ಗುಂಡಿ ಬೀಳುತ್ತದೆ. ಬೇರೆ ಫಾಂಟ್ ಜೋಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆಂಡ್ರಾಯ್ಡಿನಲ್ಲಿ ನೋಟೊ, ವಿಂಡೋಸಿನಲ್ಲಿ ನಿರ್ಮಲಾ ಇದ್ದೇ ಇವೆ. ಇನ್ನೊಂದನ್ನು ಹೊರಿಸಿದರೆ ನೆಟ್‌ವರ್ಕ್ ಸರಿಯಿಲ್ಲದ ಗುಡ್ಡದ ಬದಿಯ ಓದುಗರು ಕಾಯಬೇಕಾಗುತ್ತದೆ.

ವಾಟ್ಸಾಪಿನಿಂದಲೋ ವರ್ಡಿನಿಂದಲೋ ಬರಹ ತರುವಾಗ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಬರೀ ಪಠ್ಯವಾಗಿ ಅಂಟಿಸಿ. ಸುಮ್ಮನೆ ಅಂಟಿಸಿದರೆ ಅದರೊಂದಿಗೆ ಹಳೆಯ ಗಾತ್ರ, ಬಣ್ಣ, ಫಾಂಟಿನ ಹೆಸರು ಎಲ್ಲ ಅಡಗಿ ಬರುತ್ತವೆ. ಒಂದು ಪ್ಯಾರಾ ದೊಡ್ಡದು, ಇನ್ನೊಂದು ಸಣ್ಣದು ಕಾಣುವುದಕ್ಕೆ ಇದೇ ಕಾರಣ. ಚಿತ್ರಗಳನ್ನಂತೂ ಅಂಟಿಸಲೇಬಾರದು, ಅಪ್‌ಲೋಡ್ ಮಾಡಬೇಕು. ಗೂಗಲ್ ಡಾಕ್ಸ್‌ನಿಂದ ಅಂಟಿಸಿದ ಚಿತ್ರ ಇಂದು ಕಾಣುತ್ತದೆ, ಕೆಲವು ದಿನ ಬಿಟ್ಟು ಖಾಲಿ ಚೌಕವಾಗುತ್ತದೆ. ಏಕೆಂದರೆ ನಿಮ್ಮ ಪುಟಕ್ಕೆ ಬಂದದ್ದು ಬೇರೆ ಕಡೆಗಿನ ಲಿಂಕ್ ಮಾತ್ರ.

ಫೋನಿನ ಫೋಟೋ ಮೂರರಿಂದ ಐದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲಿಗೆ ಇಳಿಸಿ, ಜೆಪೆಗ್ ಗುಣಮಟ್ಟ 75ರಿಂದ 80 ಇಟ್ಟರೆ ಅದು 300 ಕೆಬಿಯೊಳಗೆ ಬರುತ್ತದೆ. ವಾಟ್ಸಾಪಿನಲ್ಲಿ ಲಿಂಕ್ ಹಂಚಿದಾಗ ಚಿತ್ರದ ಸಮೇತ ಕಾಣಲೂ ಇದು ಸಹಾಯಕ. ಅದಕ್ಕಿಂತ ಮುಖ್ಯವಾದದ್ದು ಜಾಗದ ಗುರುತು. ಕ್ಯಾಮರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಫೋಟೋದ ಒಳಗೆ ಅಕ್ಷಾಂಶ, ರೇಖಾಂಶ ಕೂತಿರುತ್ತದೆ. ಯಾರದೋ ಮನೆಯ ಹಿತ್ತಿಲಿನ ಸುರಂಗ, ತರವಾಡಿನ (ಮೂಲಮನೆಯ) ದೈವದ ಭಂಡಾರ ಇವುಗಳ ಫೋಟೋ ಹಾಕುವ ಮೊದಲು ಆ ಗುರುತು ತೆಗೆಯಿರಿ. ಮನೆಯವರನ್ನು ಕೇಳದೆ ಫೋಟೋ ಹಾಕುವುದಂತೂ ಸಲ್ಲದು. ಪ್ರತಿ ಚಿತ್ರದ ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಒಂದು ಕನ್ನಡ ವಾಕ್ಯ ಬರೆಯಿರಿ. ಕಣ್ಣು ಕಾಣದವರಿಗೆ ಫೋನ್ ಓದಿಹೇಳುವುದು ಅದನ್ನೇ.

ಬರಹದ ವಿಷಯ ಸೂಚಿಸುವ ಲೇಬಲ್‌ಗಳು ಐದರಿಂದ ಎಂಟು ಸಾಕು. ಕಾಗುಣಿತ ಒಂದೇ ಇರಲಿ. ಒಮ್ಮೆ ‘ತಾಳಮದ್ದಳೆ’, ಇನ್ನೊಮ್ಮೆ ‘ತಾಳಮದ್ದಲೆ’ ಎಂದು ಬರೆದರೆ ಬ್ಲಾಗಿನ ಲೆಕ್ಕದಲ್ಲಿ ಅವು ಎರಡು ವಿಷಯ.

ಬೇರೆಯವರ ಬರಹ ಹಾಕುವಾಗ

ಹಳೆಯ ಪದ್ಯ, ಲೇಖನಗಳನ್ನು ಬ್ಲಾಗಿನಲ್ಲಿ ಉಳಿಸುವ ಆಸೆ ಒಳ್ಳೆಯದು. ಲೆಕ್ಕ ಮಾತ್ರ ಗೊತ್ತಿರಬೇಕು. ಭಾರತದ ಕಾನೂನಿನಲ್ಲಿ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಬರಹಕ್ಕೆ, ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರವು, ನೀವು ಇಡಿಯಾಗಿ ಟೈಪ್ ಮಾಡಿ ಹಾಕಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮನ್ನಗಲಿದ್ದು 2015ರಲ್ಲಿ. ಅವರ ಕವಿತೆಗಳಿಗೆ 2075ರ ಕೊನೆಯವರೆಗೆ ಮನೆಯವರ ಅಥವಾ ಹಕ್ಕುದಾರರ ಒಪ್ಪಿಗೆ ಬೇಕು. ಹಳೆಯ ಕಾಲದ ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ಪದ್ಯಗಳಿಗೆ ಆ ಪ್ರಶ್ನೆಯೇ ಇಲ್ಲ. ಆದರೆ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳು ಅವರವು. ಮಲಯಾಳದಿಂದ ಕಥೆ ಅನುವಾದಿಸಿ ಹಾಕುವವರು ನಮ್ಮಲ್ಲಿ ಹೆಚ್ಚು. ಅನುವಾದಕ್ಕೂ ಮೂಲ ಲೇಖಕರ ಒಪ್ಪಿಗೆ ಬೇಕು, ಹೆಸರು ಹಾಕಿದರೆ ಸಾಲದು.

ಬೀಗದಕೈ

ಬ್ಲಾಗ್ ಕಳೆದುಹೋಗುವುದು ಹೆಚ್ಚಾಗಿ ಹ್ಯಾಕರ್‌ಗಳಿಂದ ಅಲ್ಲ. ಗಲ್ಫಿಗೆ ಹೋದವರು ಊರಿನ ಸಿಮ್ ರೀಚಾರ್ಜ್ ಮಾಡದೆ ಬಿಡುತ್ತಾರೆ, ನಂಬರ್ ಬೇರೆಯವರಿಗೆ ಹೋಗುತ್ತದೆ, ಹೊಸ ಫೋನಿನಲ್ಲಿ ಲಾಗಿನ್ ಆಗಲು ಓಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ಗೂಗಲ್ ಖಾತೆಯ ಎರಡು ಹಂತದ ಭದ್ರತೆಯಲ್ಲಿ ಓಟಿಪಿಯ ಬದಲು ಬಳಸುವ ಬ್ಯಾಕಪ್ ಕೋಡ್‌ಗಳಿವೆ. 8 ಅಂಕಿಯ 10 ಸಂಖ್ಯೆಗಳು. ಅವನ್ನು ಕಾಗದದಲ್ಲಿ ಬರೆದು ಜಾಗದ ದಾಖಲೆಪತ್ರಗಳ ಜೊತೆ ಕಪಾಟಿನಲ್ಲಿಡಿ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂದು ಗೂಗಲ್‌ನ ನಿಯಮವಿದೆ, ಹಾಗಾಗಿ ಆಗಾಗ ಲಾಗಿನ್ ಆಗುತ್ತಿರಿ. ಬ್ಲಾಗಿನ ಪರ್ಮಿಷನ್ಸ್‌ನಲ್ಲಿ ಮಗಳನ್ನೋ ತಮ್ಮನನ್ನೋ ಕರೆದು ಅವರ ಸ್ವಂತ ಖಾತೆಯಿಂದ ಅಡ್ಮಿನ್ ಮಾಡಿ. ಪಾಸ್‌ವರ್ಡ್ ಕೊಡುವುದಕ್ಕಿಂತ ಇದು ಒಳ್ಳೆಯದು. ನಿಮ್ಮ ನಂತರ ಬ್ಲಾಗ್ ನೋಡಿಕೊಳ್ಳಲು ಒಬ್ಬರಿರುತ್ತಾರೆ.

ಮೂರು ತಿಂಗಳಿಗೊಮ್ಮೆ ಸೆಟ್ಟಿಂಗ್ಸಿನ ಕೊನೆಯಲ್ಲಿರುವ ಬ್ಯಾಕಪ್ ಒತ್ತಿ ಫೈಲ್ ಇಳಿಸಿಕೊಳ್ಳಿ. ಅದರಲ್ಲಿ ಬರಹಗಳಿರುತ್ತವೆ, ಚಿತ್ರಗಳಿರುವುದಿಲ್ಲ, ಅವುಗಳ ಲಿಂಕ್ ಮಾತ್ರ ಇರುತ್ತದೆ. ಚಿತ್ರಗಳ ಮೂಲಪ್ರತಿಯನ್ನು ಬರಹದ ವಿಳಾಸದ ಹೆಸರಿನದ್ದೇ ಫೋಲ್ಡರಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಬೇಕು. ಮುಖ್ಯವಾದ ಬರಹವನ್ನು, ಜಾಲಪುಟಗಳ ಪ್ರತಿ ಕಾಪಾಡುವ ಇಂಟರ್‌ನೆಟ್ ಆರ್ಕೈವಿನ ವೇಬ್ಯಾಕ್ ಮೆಷಿನ್‌ನಲ್ಲೂ ಉಳಿಸಿ. ಅಲ್ಲಿ ‘ಸೇವ್ ಪೇಜ್ ನೌ’ ಎಂಬಲ್ಲಿ ವಿಳಾಸ ಅಂಟಿಸಿದರೆ ಆಯಿತು.

ಸಿಗುತ್ತದೆಯೇ ನೋಡುವುದು

ಮೊದಲ ಬರಹ ಪ್ರಕಟವಾದ ದಿನವೇ, ಪುಟಗಳು ಗೂಗಲಿಗೆ ಸೇರಿವೆಯೇ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಬ್ಲಾಗನ್ನು ಸೇರಿಸಿ, ಸೈಟ್‌ಮ್ಯಾಪ್ ಜಾಗದಲ್ಲಿ ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್ ಎಂದು ಕೊಡಿ. ಬ್ಲಾಗಿನ ಪುಟಗಳ ಪಟ್ಟಿಯಿರುವ ಆ ಕಡತವನ್ನು ಬ್ಲಾಗರ್ ತಾನೇ ಮಾಡಿಟ್ಟಿರುತ್ತದೆ. ಸರ್ಚ್ ಡಿಸ್ಕ್ರಿಪ್ಷನ್‌ನಲ್ಲಿ 150 ಅಕ್ಷರದೊಳಗೆ ಬರಹದ ಸಾರ ಬರೆದು, ಊರಿನ ಹೆಸರಿನ ಇಂಗ್ಲಿಷ್ ರೂಪವನ್ನೂ ಸೇರಿಸಿ. ಕನ್ನಡ ಓದಬಲ್ಲವರಲ್ಲಿ ಎಷ್ಟೋ ಮಂದಿ ಹುಡುಕುವಾಗ ಒತ್ತುವುದು ಇಂಗ್ಲಿಷ್ ಅಕ್ಷರಗಳನ್ನೇ. ಬರಹದ ಒಳಗೆ ಮೊದಲ ಸಲ ಬರುವಾಗ ‘ಕಲ್ಲಿಕೋಟೆ’ಯ ಪಕ್ಕದಲ್ಲಿ ‘ಕೋಝಿಕ್ಕೋಡ್’ ಎಂದೂ ಬರೆದರೆ ಎರಡೂ ಹೆಸರಿನವರಿಗೆ ದಾರಿ ಸಿಗುತ್ತದೆ.

ಎರಡು ಮೂರು ವಾರ ಬಿಟ್ಟು, ನಿಮ್ಮ ಬರಹದಿಂದ ಬೇರೆಲ್ಲೂ ಇರಲಾರದ ಆರೇಳು ಪದಗಳ ಒಂದು ಸಾಲು ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲಿನಲ್ಲಿ ಹುಡುಕಿ. ಲಾಗಿನ್ ಆಗದ ಬೇರೆ ಫೋನಿನಲ್ಲಿ ಹುಡುಕಿದರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಕೊಟ್ಟು ಪರೀಕ್ಷಿಸಿ. ಬ್ಲಾಗರ್ ಸೆಟ್ಟಿಂಗ್ಸಿನ ‘ವಿಸಿಬಲ್ ಟು ಸರ್ಚ್ ಎಂಜಿನ್ಸ್’ ಮುಚ್ಚಿದ್ದರೆ ಅಲ್ಲಿ ಗೊತ್ತಾಗುತ್ತದೆ. ಪುಟ ಸೇರಿದೆ ಎಂದು ತೋರಿಸಿಯೂ ಸಾಲು ಸಿಗದಿದ್ದರೆ ಆ ಸಾಲನ್ನು ಕೈಯಾರೆ ಹೊಸದಾಗಿ ಟೈಪ್ ಮಾಡಿ, ಬರಹ ಇರುವ ಪುಟದಲ್ಲೇ ಕಂಟ್ರೋಲ್ ಎಫ್ ಒತ್ತಿ ಹುಡುಕಿ. ಕಣ್ಣಿಗೆ ಕಾಣುವ ಸಾಲು ಬ್ರೌಸರಿಗೆ ಕಾಣದಿದ್ದರೆ ಅಲ್ಲೆಲ್ಲೋ ಒಂದು ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿರಬಹುದು.